ಬಯ್ಯುವ ಮುಂಚಿನ ಮುಖ

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕಿಕೊಡುವ ಒಂದು ಅಂಗಡಿ ಇದೆ. ಮುಂದೆ ಗಂಡ ಗಾಜು ಕೊಯ್ಯುತ್ತ ಕೂತಿರುತ್ತಾನೆ, ಹಿಂದಿನ ಮೇಜಿನಲ್ಲಿ ಹೆಂಡತಿ ನಾಗರತ್ನ ಪೆನ್ಸಿಲ್ ಹಿಡಿದು ಸತ್ತವರ ಮುಖ ಬರೆಯುತ್ತ ಕೂತಿರುತ್ತಾಳೆ. ಸತ್ತವರ ಮುಖ ಎಂದ ಕೂಡಲೇ ಮೂಗು ಮುರಿಯಬೇಡಿ. ಈ ಸೀಮೆಯಲ್ಲಿ ಹನ್ನೊಂದನೇ ದಿನದ ತಿಥಿಗೆ ಎಡೆಯ ಹಿಂದೆ ಹೋದವರ ಪಟ ಇಡಲೇಬೇಕು. ಆ ಪಟ ಆಮೇಲೆ ನಡುಮನೆಯ ಗೋಡೆ ಹತ್ತಿದರೆ ಇಳಿಯುವ ಮಾತೇ ಇಲ್ಲ. ಮೊಮ್ಮಕ್ಕಳು ಮರಿಮಕ್ಕಳು ಅಜ್ಜ ಅಜ್ಜಿಯರನ್ನು ನೋಡುವುದು ಅದರಲ್ಲೇ. ಅಂಥದ್ದನ್ನು ಯಾರಾದರೂ ಕಾಟಾಚಾರಕ್ಕೆ ಮಾಡುವುದುಂಟೇ? ಉಂಟು, ಎಲ್ಲರೂ ಮಾಡುತ್ತಾರೆ. ನಾಗರತ್ನಳ ಸಿಟ್ಟೇ ಅದು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕೆಲಸ ಗಾಜು ಒರೆಸುವುದಷ್ಟೇ ಆಗಿತ್ತು. ಸ್ಟುಡಿಯೋಗಳಲ್ಲಿ ದೊಡ್ಡದು ಮಾಡಿಸಿದ ತಿಥಿ ಫೋಟೊಗಳು ಕಟ್ಟಿಗೆ ಬರುತ್ತಿದ್ದವು. ಹುಟ್ಟಿದಾರಭ್ಯ ಪಟಾಪಟಿ ಚಡ್ಡಿಯಲ್ಲಿ ಕಬ್ಬಿಗೆ ನೀರು ಕಟ್ಟಿದ ಮಾದಯ್ಯನಿಗೆ ಸತ್ತ ಮೇಲೆ ನೀಲಿ ಕೋಟು, ಕೆಂಪು ಟೈ, ಬೆನ್ನ ಹಿಂದೆ ಹಿಮದ ಬೆಟ್ಟ! ಆಧಾರ್ ಕಾರ್ಡಿನ ಫೋಟೊ ಹಿಗ್ಗಿಸಿದ್ದರಂತೂ ಕೇಳಲೇಬೇಡಿ, ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಣ್ಣು ಕಣ್ಣು ಬಿಡುತ್ತಿದ್ದರು. ಮೊದಮೊದಲು ನಾಗರತ್ನ ನಕ್ಕಳು. ಆಮೇಲೆ ರೇಗಿಹೋಯಿತು. ಒಂದು ದಿನ ಗಂಡನ ಕಿವಿಯ ಮೇಲಿದ್ದ, ಮರಕ್ಕೆ ಗುರುತು ಹಾಕುವ ಮೊಂಡು ಪೆನ್ಸಿಲನ್ನು ಕಿತ್ತುಕೊಂಡು, ಅಂಗಡಿ ಮುಂದೆ ಬಾಳೆಹಣ್ಣು ಮಾರುತ್ತಿದ್ದ ಮಹದೇವಮ್ಮ ಗಿರಾಕಿಯ ಜೊತೆ ಜಗಳಕ್ಕೆ ನಿಂತಿದ್ದನ್ನು ನೋಡಿ ನೋಡಿ ರಟ್ಟಿನ ಮೇಲೆ ಬರೆದಳು. ಮಹದೇವಮ್ಮ ಅದನ್ನು ನೋಡಿ, "ಥೂ, ನಾನೆಲ್ಲಿ ಹಿಂಗ್ ಮಕ ಗಂಟಾಕ್ಕೊತೀನಿ?" ಎಂದಳು. ಇನ್ನೊಮ್ಮೆ ನೋಡಿ, "ಊ ಕಣಮ್ಮ, ಆಕ್ಕೊತೀನಿ" ಎಂದಳು. ನಾಗರತ್ನಳ ಕಸುಬು ಶುರುವಾದದ್ದು ಹೀಗೆ.

ಬಣ್ಣದ ಫೋಟೊಗೂ ಪೆನ್ಸಿಲಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ಅವಳು ಬಾಯಲ್ಲಿ ಹೇಳುವುದಿಲ್ಲ, ಬರೆದು ತೋರಿಸುತ್ತಾಳೆ. ಫೋಟೊ ಸೀರೆಯ ಅಂಚು, ಕಿವಿಯ ಓಲೆ, ಹಿಂದಿನ ಸುಣ್ಣದ ಗೋಡೆ ಎಲ್ಲವನ್ನೂ ಒಂದೇ ಸಮ ತೋರಿಸಿಬಿಡುತ್ತದೆ. ಪೆನ್ಸಿಲಿನಲ್ಲಾದರೆ ಬೇಕಾದ ಕಡೆ ಒತ್ತಬಹುದು, ಬೇಡದ ಕಡೆ ಕಾಗದವನ್ನು ಬೆಳ್ಳಗೆ ಬಿಟ್ಟುಬಿಡಬಹುದು. ಅವಳ ಚಿತ್ರಗಳಲ್ಲಿ ತಲೆಗೂದಲು ನಾಲ್ಕಾರು ಗೀರು, ಸೆರಗು ಹೆಗಲ ಮೇಲೊಂದು ಗೆರೆ, ಅಷ್ಟೇ. ಕಪ್ಪೆಲ್ಲ ಹೋಗಿ ಕೂರುವುದು ಕಣ್ಣ ಸುತ್ತ, ಹುಬ್ಬಿನ ನಡುವೆ, ತುಟಿಯ ಕೊನೆಯಲ್ಲಿ. ತುಟಿಯ ಕೊನೆಯಲ್ಲಿ ಒಂದೆಳೆ ಹೆಚ್ಚಾದರೆ ಕೊಂಕುನಗೆ, ಒಂದೆಳೆ ಕಮ್ಮಿಯಾದರೆ ಕೊರಗು. ಅದಕ್ಕೇ ಬಾಯನ್ನು ಕೊನೆಗೆ ಬರೆಯುತ್ತಾಳೆ. ಆ ಹೊತ್ತಿನಲ್ಲಿ ಕಾಫಿ ಬೇಕಾ ಎಂದು ಕೇಳುವ ಧೈರ್ಯ ಗಂಡನಿಗೂ ಇಲ್ಲ.

ಅವಳದ್ದೊಂದು ವಿಚಿತ್ರ ಪದ್ಧತಿ ಇದೆ. ಭಾರತೀನಗರದಿಂದ ಚಿಕ್ಕಬೋರಯ್ಯನ ಮಕ್ಕಳು ಬಂದಾಗ ಅದು ಎಲ್ಲರ ಬಾಯಿಗೂ ಬಿತ್ತು. "ನಮ್ಮಪ್ಪ ದೇವ್ರಂತೋನು ಕಣಕ್ಕ" ಎಂದು ದೊಡ್ಡ ಮಗ ಶುರು ಮಾಡಿದ.

"ದೇವ್ರ ಪಟ ಬೇಕಾದ್ರೆ ಕ್ಯಾಲೆಂಡರ್ ತಗೊಂಡೋಗಪ್ಪ" ಎಂದಳು ನಾಗರತ್ನ. "ನಿಮ್ಮಪ್ಪಂಗೆ ಯಾರ್ನ ಕಂಡ್ರೆ ಆಯ್ತಿರ್ಲಿಲ್ಲ? ಅವ್ರ ಮನೆ ತೋರ್ಸು."

ಮಕ್ಕಳು ಮುಖ ಮುಖ ನೋಡಿಕೊಂಡರು. ಆದರೆ ಅವಳು ಬಸ್ಸು ಹತ್ತಿ ಹೋಗಿ, ನಾಲೆಯ ನೀರಿಗಾಗಿ ಚಿಕ್ಕಬೋರಯ್ಯನ ಜೊತೆ ಜನ್ಮವೆಲ್ಲ ಗುದ್ದಾಡಿದ ಅಂಕಯ್ಯನ ಮುಂದೆ ಕೂತೇ ಬಿಟ್ಟಳು. ನೆಂಟರು ಸತ್ತವರ ಮುಖವನ್ನು ತೊಳೆದು ಒರೆಸಿ ಇಟ್ಟುಬಿಡುತ್ತಾರೆ, ಆಗದವರಿಗೆ ಹಾಗೆ ಒರೆಸುವ ದರ್ದು ಇರುವುದಿಲ್ಲ, ಇದು ಅವಳ ಲೆಕ್ಕ. ಅಂಕಯ್ಯ ಎಲೆಯಡಿಕೆ ಉಗಿದು, "ಆ ಬಡ್ಡೆತ್ತೋನು ಸುಳ್ಳೇಳೋವಾಗ ಆಕಾಸ ನೋಡೋನು" ಎಂದ. ನಾಗರತ್ನ ಹಾಗೆಯೇ ಬರೆದಳು, ಕಣ್ಣು ಒಂಚೂರು ಮೇಲಕ್ಕೆ, ಗಡ್ಡ ಒಂಚೂರು ಮುಂದಕ್ಕೆ. ಚಿತ್ರ ನೋಡಿದ ಚಿಕ್ಕ ಮಗ, "ಲೇ, ಅಪ್ಪ ಸುಳ್ಳೇಳ್ತಾವ್ನೆ ಕಣ್ಲಾ!" ಎಂದು ಹೊಟ್ಟೆ ಹಿಡಿದು ನಕ್ಕ, ನಗುತ್ತಿದ್ದವನು ಹಾಗೆಯೇ ಅಳುವುದಕ್ಕೆ ಶುರು ಮಾಡಿದ. ಅಲ್ಲಿಂದ ಮುಂದೆ ಅವಳ ಮೇಜಿಗೆ ಮಂಡ್ಯ, ಮದ್ದೂರಿನಿಂದಲೂ ಜನ ಬರತೊಡಗಿದರು.

ಇಷ್ಟು ಜನರ ಮುಖ ಬರೆದವಳಿಗೆ ತನ್ನ ಅವ್ವನ ಮುಖ ಬರೆಯಲು ಆಗಲಿಲ್ಲ. ಇನ್ನು ಮುಂದಿನದ್ದು ಅದೇ ಕತೆ.

ಅವ್ವ ಹೊಂಬಾಳಮ್ಮ ಹನಕೆರೆ ಹತ್ತಿರದ ಹಳ್ಳಿಯಲ್ಲಿ, ಮಗ ಜಯಪ್ರಕಾಶನ ಜೊತೆ ಇದ್ದಳು. ಅವನು ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತ, ದಿನಾ ರೈಲಿನಲ್ಲಿ ಹೋಗಿ ಬರುವವನು. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಅವ್ವ ಒಂದು ಬೆಳಗ್ಗೆ ರಾಗಿ ಕೇರುತ್ತ ಕೂತಿದ್ದವಳು ಮೊರದ ಮೇಲೇ ಒರಗಿದಳು. ಮಣ್ಣು ಮಾಡಿದ್ದಾಯಿತು, ಹಾಲುತುಪ್ಪ ಬಿಟ್ಟದ್ದಾಯಿತು. ತಿಥಿಗೆ ಪಟದ ಮಾತು ಬಂತು.

ಫೋಟೊ ಇರಲಿಲ್ಲವೆಂದಲ್ಲ. ಜಯಪ್ರಕಾಶನ ಫೋನಿನ ತುಂಬ ಅವ್ವ ಇದ್ದಳು. ಹಬ್ಬಕ್ಕೆ ಒಂದು, ಮದುವೆಗೆ ಒಂದು, ಮೊಮ್ಮಗಳ ಜೊತೆ ಒಂದು. ಎಲ್ಲದರಲ್ಲೂ ಒಂದೇ ಮುಖ! ಫೋನು ಎತ್ತಿದರೆ ಸಾಕು, ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಕಂಬದ ಹಾಗೆ ನಿಂತುಬಿಡುತ್ತಿದ್ದಳು. ಕಣ್ಣು ಮೂಗು ಬಾಯಿ ಎಲ್ಲ ಅವಳದೇ, ಅವಳು ಮಾತ್ರ ಅಲ್ಲಿರುತ್ತಿರಲಿಲ್ಲ.

"ಅಕ್ಕ, ನೀನು ಬರ್ದ್ರೆ ಸರಿ. ಇಲ್ದಿದ್ರೆ ಕಲರ್ ಫೋಟೊಗೆ ಆರ್ಡರ್ ಕೊಟ್ಟಿವ್ನಿ, ಅದನ್ನೇ ಇಡಾನ" ಎಂದ ಜಯಪ್ರಕಾಶ.

"ಆ ಮರದ ಮಕಾನ ಗೋಡೆಗೆ ಆಕಿದ್ರೆ ನಿನ್ನ ಮೊಮ್ಮಕ್ಕಳು ಅವ್ವನ್ನ ಮರದ ಬೊಂಬೆ ಅನ್ಕೊತವೆ. ಅದಾಗಾಕಿಲ್ಲ. ನಾನು ಬರೀತೀನಿ" ಎಂದಳು ನಾಗರತ್ನ.

ಅಂದಳು, ಬರೆಯಲು ಕೂತಳು. ಮಳವಳ್ಳಿಗೆ ಹಿಂತಿರುಗದೆ ಅವ್ವನ ಮನೆಯ ಪಡಸಾಲೆಯಲ್ಲೇ ಹಲಗೆ ಹಾಕಿಕೊಂಡಳು. ಹಣೆ ಬಂತು, ಮೂಗು ಬಂತು, ಕೆನ್ನೆಯ ಸುಕ್ಕು ಬೆರಳಿನಿಂದ ತೀಡಿದಾಗ ಮೆತ್ತಗೆ ಬಂತು. ಕೊನೆಗೆ ಬಾಯಿ ಬರೆದಳು. ನಾದಿನಿ ನೋಡಿ ಕೈಮುಗಿದಳು. ಜಯಪ್ರಕಾಶ, "ಸಾಕ್ಸಾತ್ ದೇವ್ರು ಕಣಕ್ಕ" ಎಂದ. ನಾಗರತ್ನ ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಹೌದಲ್ಲ, ದೇವರು! ಕ್ಯಾಲೆಂಡರಿನ ದೇವರು! ಸಣ್ಣ ನಗು, ಮೆದು ಕಣ್ಣು, ಯಾರಿಗೂ ಏನೂ ಅನ್ನದ ಬಾಯಿ. ಕಂಡವರಿಗೆಲ್ಲ ಮಾಡಬೇಡಿ ಎಂದು ಗದರಿದ್ದನ್ನು ತಾನೇ ಮಾಡಿ ಕೂತಿದ್ದಳು. ಅವಳು ಕಾಗದವನ್ನು ಎರಡು ತುಂಡು ಮಾಡಿದಳು. ನಾದಿನಿ "ಅಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡಳು.

ಇನ್ನೊಂದು ಬರೆದಳು. ಅದನ್ನೂ ಹರಿದಳು. ಅವ್ವ ಬಾಯಿ ಜೋರಿನವಳು, ಊರಿಗೇ ಗೊತ್ತು. ಆ ಜೋರು ಮುಖ ಹೇಗಿತ್ತು ಎಂದು ಕಣ್ಣು ಮುಚ್ಚಿ ನೆನೆದರೆ ನಾಗರತ್ನಳಿಗೆ ಕಾಣುತ್ತಿದ್ದದ್ದು ಅವ್ವನ ಪಾದ, ಕಾಲುಂಗುರ, ಒಡೆದ ಹಿಮ್ಮಡಿ. ಯಾಕೆಂದು ಯೋಚಿಸಿದಾಗ ಅಳು ಬಂತು. ಅವ್ವ ಬಯ್ಯುವಾಗಲೆಲ್ಲ ಅವಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ತಮ್ಮನೂ ಹಾಗೇ. ಅಪ್ಪನಂತೂ ಎದ್ದು ಗದ್ದೆಗೆ ಹೋಗಿಬಿಡುತ್ತಿದ್ದ. ಆ ಮನೆಯಲ್ಲಿ ಒಬ್ಬರಾದರೂ ಆ ಮುಖವನ್ನು ನೇರ ನೋಡಿದವರಿರಲಿಲ್ಲ.

ನೋಡಿದವಳು ಗೋಡೆಯಾಚೆ ಒಬ್ಬಳಿದ್ದಳು. ಪಟ್ಟಲಮ್ಮ. ಹೊಂಬಾಳಮ್ಮನ ಓರಗಿತ್ತಿ, ಅಂದರೆ ನಾಗರತ್ನಳ ಚಿಕ್ಕಪ್ಪನ ಹೆಂಡತಿ. ಅಣ್ಣತಮ್ಮ ಭಾಗವಾದಾಗ ನೆಲದಲ್ಲಿ ಹೂತಿದ್ದ ಒಳಕಲ್ಲು ಪಟ್ಟಲಮ್ಮನ ಪಾಲಿನ ಕಡೆ ಉಳಿಯಿತು. ಮಾರನೆಯ ದಿನ ಖಾರ ಅರೆಯಲು ಹೋದ ಹೊಂಬಾಳಮ್ಮನಿಗೆ ಪಟ್ಟಲಮ್ಮ, "ಇನ್ಮೇಲೆ ಕೇಳ್ಕೊಂಡು ಬಾ ಅಕ್ಕ" ಎಂದಳಂತೆ. ಮುಗಿಯಿತು! ಅವತ್ತು ಮಾತು ಬಿಟ್ಟವರು ಬಿಟ್ಟೇ ಬಿಟ್ಟರು. ಮಾತು ಬಿಟ್ಟರೆಂದರೆ ಬಾಯಿ ಮುಚ್ಚಿದರು ಎಂದಲ್ಲ, ಎಮ್ಮೆಯ ನೆಪದಲ್ಲಿ ಬಯ್ದಾಡುತ್ತಿದ್ದರು. "ಏ ಎಮ್ಮೆ, ಕಂಡೋರ ಇತ್ಲಿಗೆ ಬಾಯಾಕ್ತೀಯಾ, ನಾಚ್ಕೆ ಇಲ್ವಾ?" ಎಂದು ಈಚೆಯಿಂದ ಹೊಂಬಾಳಮ್ಮ. "ಬಾರೇ ಎಮ್ಮೆ, ಕೆಟ್ ಕಣ್ಣು ಬಿದ್ದಾತು" ಎಂದು ಆಚೆಯಿಂದ ಪಟ್ಟಲಮ್ಮ. ಬಾಯಿ ಎಮ್ಮೆಯ ಕಡೆ, ಕಣ್ಣು ಮಾತ್ರ ಮೋಟುಗೋಡೆಯ ಮೇಲೆ ಒಬ್ಬರ ಮೇಲೊಬ್ಬರದು. ಅವ್ವ ಮಾತು ಬಿಟ್ಟ ಮೇಲೆ ಮಕ್ಕಳೂ ಬಿಡಬೇಕು, ಅದು ಆ ಮನೆಯ ಕಾನೂನು. ಹೊಂಬಾಳಮ್ಮನ ಮಣ್ಣಿಗೂ ಪಟ್ಟಲಮ್ಮ ಒಳಗೆ ಬರಲಿಲ್ಲ, ಗೋಡೆಯಾಚೆಯೇ ನಿಂತಿದ್ದಳು.

ನಾಗರತ್ನ ಹಲಗೆ, ಪೆನ್ಸಿಲು ಎತ್ತಿಕೊಂಡು ಹೊರಟಾಗ ಜಯಪ್ರಕಾಶ ಬಾಗಿಲಿಗೆ ಅಡ್ಡ ಬಂದ.

"ಎಲ್ಲಿಗೆ?"

"ಚಿಕ್ಕವ್ವನ ಮನೆಗೆ."

"ತಲೆ ಕೆಟ್ಟದಾ ನಿಂಗೆ? ಅವ್ವನ ಮಣ್ಣಿನ್ನೂ ಆರಿಲ್ಲ. ಆ ಜಗಲಿ ತುಳುದ್ರೆ ಅವ್ವಂಗೆ ಎಂಗಾಗ್ಬೇಕು?"

"ಅವ್ವಂಗೆ ಏನಾಗ್ತದೋ ನಾ ಕಾಣೆ. ಊರೋರ ಅಪ್ಪ ಅವ್ವಂದಿರ್ಗೆಲ್ಲ ಆಗದೋರ ಮನೆ ಉಡುಕ್ಕೊಂಡೋದೋಳು ನಾನು. ನಮ್ಮವ್ವಂಗೆ ಮಾತ್ರ ಓಗ್ದಿದ್ರೆ ನಾನು ಬರ್ದಿದ್ದೆಲ್ಲ ಸುಳ್ಳಾಯ್ತದೆ. ದಾರಿ ಬುಡು."

ಅವನು ಬಿಟ್ಟ. ಆದರೆ ಬೆನ್ನಿಗೆ, "ತಿಥಿ ದಿನ ಬೆಳಗ್ಗೆ ಚಿತ್ರ ಸರಿ ಇಲ್ದಿದ್ರೆ ಕಲರ್ ಫೋಟೊನೇ, ಇನ್ನು ಮಾತಿಲ್ಲ" ಎಂದ. ನಾಗರತ್ನ ತಿರುಗಿ ನೋಡಲಿಲ್ಲ.

ಪಟ್ಟಲಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾಗರತ್ನಳನ್ನು ಕಂಡು ಕೈ ನಿಂತಿತು. ಇಷ್ಟು ವರ್ಷ ಮಾತಿಲ್ಲದ ಮನೆ, ಎಲ್ಲಿಂದ ಶುರು ಮಾಡುವುದು? ನಾಗರತ್ನ ಸುತ್ತಿ ಬಳಸುವ ಜಾತಿಯವಳಲ್ಲ.

"ಚಿಕ್ಕವ್ವ, ನಮ್ಮವ್ವ ಬಯ್ಯೋವಾಗ ಮಕ ಎಂಗ್ ಮಾಡ್ತಿದ್ಲು?"

"ಓದೋರ ಮೇಲೆ ಏನೂ ಆಡ್ಬಾರ್ದು ಕಣವ್ವ. ಒಳ್ಳೇವ್ಳು. ದೇವ್ರಂತೋಳು. ಎದ್ದೋಗು."

"ನೀನೂ ಅದೇ ಸುಳ್ಳೇಳ್ತೀಯಾ? ಊರೋರೆಲ್ಲ ಏಳೋ ಸುಳ್ಳು ಕೇಳಾಕೆ ಈ ಜಗಲಿ ಅತ್ಬೇಕಿತ್ತಾ ನಾನು?" ಎಂದು ನಾಗರತ್ನ ಚಕ್ಕಳಮಕ್ಕಳ ಹಾಕಿ ಕೂತಳು. "ನೀ ಏಳೋವರ್ಗೂ ನಾ ಎದ್ದೋಗಾಕಿಲ್ಲ. ಊಟ ಇಕ್ಕಿದ್ರೆ ಇಕ್ಕು, ಬುಟ್ರೆ ಬುಡು."

ಪಟ್ಟಲಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದಳು. ನಾಗರತ್ನಳೂ ಒಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದಳು. ಬುಟ್ಟಿ ಮುಗಿಯಿತು. ಸಿಪ್ಪೆಯನ್ನು ಎಮ್ಮೆಯ ಮುಂದೆ ಸುರಿದು ಬಂದ ಪಟ್ಟಲಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಳು.

"ನಿಮ್ಮವ್ವ ದೇವ್ರಾ? ಅಬ್ಬಬ್ಬಾ! ದೇವ್ರಾದ್ರೆ ವರ್ಸಕ್ಕೊಂದು ಮರಿ ಇಸ್ಕೊಂಡು ಸುಮ್ಕಾಯ್ತದೆ. ನಿಮ್ಮವ್ವ ಸುಮ್ಕಾಯ್ತಿದ್ಲಾ? ನೋಡಿಲ್ಲಿ. ಬಯ್ಯಾಕೆ ಮುಂಚೆ ಒಂದ್ ಗಳಿಗೆ ಬಾಯ್ ಮುಚ್ಕೊಳ್ಳೋಳು. ಕೆಳತುಟಿ ಒಳಕ್ ಎಳ್ಕೊಳ್ಳೋಳು, ಹಿಂಗೆ. ಎಡಗಣ್ಣು ಚಿಕ್ಕದು ಮಾಡೋಳು. ಬಯ್ಗುಳ ಉಡುಕ್ಕೊಂತಿದ್ಲು ಕಣೆ ಅವ್ಳು! ಒಳ್ಳೇ ಬಯ್ಗುಳ ಸಿಗ್ತು ಅನ್ನು, ಅವಳ್ಗೇ ನಗು ಬರೋದು, ಆ ನಗೂನ ಈ ಮೂಲೇಲಿ ಕಚ್ಚಿ ಇಡ್ಕೊಳ್ಳೋಳು. ಅವ್ಳು ಬಯ್ದಿದ್ದಕ್ಕೆ ನಂಗೇನೂ ಆಯ್ತಿರ್ಲಿಲ್ಲ. ಆ ಒಂದ್ ಗಳಿಗೆ ಸುಮ್ಕಿರೋಳಲ್ಲ, ಆಗ ನನ್ನೆದೆ ಡವಡವ ಅನ್ನೋದು."

ಹೇಳುತ್ತ ಹೇಳುತ್ತ ಪಟ್ಟಲಮ್ಮ ಅದನ್ನು ಮಾಡಿ ತೋರಿಸಿದಳು. ತುಟಿ ಒಳಗೆ ಹೋಯಿತು, ಎಡಗಣ್ಣು ಕಿರಿದಾಯಿತು, ಬಾಯಿಯ ಬಲಮೂಲೆಯಲ್ಲಿ ನಗುವೊಂದು ಸಿಕ್ಕಿಹಾಕಿಕೊಂಡಿತು. ನಾಗರತ್ನ ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವ್ವ! ತಾನು ನೆಲ ನೋಡುತ್ತ ನಿಂತಿದ್ದಾಗೆಲ್ಲ ತಲೆಯ ಮೇಲೆ ಇದ್ದ ಮುಖ ಇದು. ಅವ್ವ ತನ್ನನ್ನು ಬಯ್ಯುವಾಗಲೂ ಒಳಗೊಳಗೇ ನಗುತ್ತಿದ್ದಳೇ? ಒಂದು ಸಲ ಕತ್ತೆತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ! ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವಳು ಒರೆಸಿಕೊಳ್ಳಲಿಲ್ಲ, ಪೆನ್ಸಿಲು ಆಗಲೇ ಓಡುತ್ತಿತ್ತು.

"ನನ್ ಮಕ ಯಾಕ್ ಬರೀತಿದ್ದೀಯಮ್ಮಿ?" ಎಂದಳು ಪಟ್ಟಲಮ್ಮ.

"ನಿಂದಲ್ಲ. ಇನ್ನೊಂದ್ ಸಲ ಮಾಡು. ಆ ಮೂಲೆ ತೋರ್ಸು."

ಪಟ್ಟಲಮ್ಮ ಮಾಡಿದಳು, ಮತ್ತೆ ಮಾಡಿದಳು. ಅವಳಿಗೂ ಹಟ ಹತ್ತಿತ್ತು. "ಅಂಗಲ್ಲ, ಹುಬ್ಬು ಇನ್ನೊಂದ್ ಚೂರು ಕೆಳೀಕೆ" ಎಂದು ತಾನೇ ತಿದ್ದಿಸಿದಳು. ಮಧ್ಯಾಹ್ನ ಮುದ್ದೆ ಇಕ್ಕಿದಳು. ಎದ್ದು ಬರುವಾಗ, ನಾಗರತ್ನ ಕೇಳದಿದ್ದರೂ, "ಎಮ್ಮೆಗೆ ಬಯ್ಯಾಕೂ ಬೇಜಾರು ಕಣೆ ಈಗ" ಎಂದಳು.

ಮಾರನೆಯ ದಿನದಿಂದ ನಾಗರತ್ನ ದೊಡ್ಡ ಹಾಳೆಯ ಮುಂದೆ ಕೂತಳು. ಗಟ್ಟಿ ಪೆನ್ಸಿಲಿನಲ್ಲಿ ಕೆನ್ನೆಯನ್ನು ಕಂಡೂ ಕಾಣದ ಹಾಗೆ ಬಿಟ್ಟಳು, ಮೆತ್ತನೆಯ ಕಪ್ಪು ಪೆನ್ಸಿಲನ್ನು ಎಡಗಣ್ಣಿನ ರೆಪ್ಪೆಯ ಕೆಳಗೆ ಒತ್ತಿದಳು. ಓಲೆ ಬರೆಯಲಿಲ್ಲ. ಸೆರಗಿಗೆ ಒಂದೇ ಗೆರೆ ಎಳೆದಳು. ಕೆಳತುಟಿಯನ್ನು ಬರೆಯದೆ, ಅದು ಒಳಗೆ ಹೋದ ಜಾಗದಲ್ಲಿ ನೆರಳನ್ನಷ್ಟೇ ಇಟ್ಟಳು. ಬಲಮೂಲೆಯ ಆ ನಗುವೇ ಜೀವ ತಿಂದಿತು. ಬರೆದರೆ ಹೆಚ್ಚಾಗುತ್ತಿತ್ತು, ಅಳಿಸಿದರೆ ಅವ್ವ ಬರೀ ಸಿಡುಕಿಯಾಗುತ್ತಿದ್ದಳು. ಬರೆದು ಅಳಿಸಿ, ಬರೆದು ಅಳಿಸಿ ಕಾಗದದ ಆ ಜಾಗ ತೆಳ್ಳಗಾಯಿತು, ಇನ್ನೊಂದು ಸಲ ಉಜ್ಜಿದರೆ ತೂತಾಗುವ ಹಾಗಿತ್ತು. "ತೂತಾದ್ರೆ ಆಗ್ಲಿ, ಇನ್ನೊಂದ್ ಆಳೆ ತತ್ತೀನಿ" ಎಂದುಕೊಂಡು ಉಸಿರು ಬಿಗಿಹಿಡಿದು ಒಂದು ಗೀರು ಎಳೆದಳು. ಕೂತಿತು.

ತಿಥಿಯ ದಿನ ಬೆಳಗ್ಗೆ ನಡುಮನೆಯ ಮೇಜಿನ ಮೇಲೆ ಎರಡು ಪಟಗಳಿದ್ದವು. ಒಂದು ಸ್ಟುಡಿಯೋದ ಬಣ್ಣದ ಹೊಂಬಾಳಮ್ಮ, ರೇಷ್ಮೆ ಸೀರೆ, ಬಿಳೀ ಕೆನ್ನೆ, ಹಿಂದೆ ಗುಲಾಬಿ ತೋಟ. ಇನ್ನೊಂದು ನಾಗರತ್ನಳ ಗಂಡ ರಾತ್ರಿಯೇ ಮಳವಳ್ಳಿಯಿಂದ ಕಟ್ಟು ತಂದು ಹಾಕಿದ ಪೆನ್ಸಿಲಿನ ಹೊಂಬಾಳಮ್ಮ. ಜಯಪ್ರಕಾಶ ಎರಡನೆಯದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ, ಕೂಡಲೇ ನೆಲ ನೋಡಿದ. ತಾನು ನೆಲ ನೋಡುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಾಗಲಿಲ್ಲ, ನಾಗರತ್ನಳಿಗೆ ಗೊತ್ತಾಯಿತು.

"ಬ್ಯಾಡ ಅಕ್ಕ" ಎಂದ ಅವನು. "ಅವ್ವ ಈಗಿಂದೀಗ್ಲೇ ಬಯ್ಯೋ ಅಂಗವ್ಳೆ. ನೆಂಟ್ರು ಊಟಕ್ಕೆ ಬತ್ತಾರೆ, ಎಲೆ ಬುಟ್ಟು ಎದ್ದೋಯ್ತಾರೆ. ಸಾಂತವಾಗಿರೋ ಮಕ ಇಡಾನ."

"ಎಡೆ ಇಕ್ಕೋವರ್ಗೂ ಇರ್ಲಿ. ಬಂದೋರಲ್ಲಿ ಒಬ್ರು, ಒಬ್ರೇ ಒಬ್ರು ಇದು ಒಂಬಾಳಮ್ಮ ಅಲ್ಲ ಅಂದ್ರೆ ನಾನೇ ತಗ್ದು ಬಸ್ಸತ್ತೀನಿ. ಇನ್ ಯಾರ್ ಮಕಾನೂ ಬರೆಯಾಕಿಲ್ಲ."

ನೆಂಟರು ಬಂದರು. ನೋಡಿದರು. ಯಾರೂ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೂರದ ಸೋದರತ್ತೆಯೊಬ್ಬಳು ಬಣ್ಣದ ಪಟದ ಮುಂದೆ ನಿಂತು, "ಇದು ಚೆನ್ನಾಗೈತೆ" ಎಂದಳು. ಜಯಪ್ರಕಾಶ ಪೆನ್ಸಿಲಿನ ಪಟ ತೆಗೆಯಲು ಕೈ ಚಾಚಿದ.

ಅಷ್ಟರಲ್ಲಿ ಬಾಗಿಲ ಬಳಿ ಗುಸುಗುಸು ಎದ್ದಿತು. ಪಟ್ಟಲಮ್ಮ ಹೊಸ್ತಿಲ ಆಚೆ ನಿಂತಿದ್ದಳು. ಭಾಗವಾದಂದಿನಿಂದ ಅವಳ ಕಾಲು ಆ ಹೊಸ್ತಿಲು ದಾಟಿರಲಿಲ್ಲ. ಕೈಯಲ್ಲಿ ಒಂದು ಬಾಳೆಗೊನೆಯ ಚಿಪ್ಪು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟವಳು ತಲೆ ಎತ್ತಿ ಮೇಜಿನ ಕಡೆ ನೋಡಿದಳು. ಅಲ್ಲೇ ನಿಂತುಬಿಟ್ಟಳು. ಕೈ ತಾನಾಗಿ ಸೊಂಟಕ್ಕೆ ಹೋಯಿತು, ಗಲ್ಲ ಮೇಲಕ್ಕೆ ಬಂತು.

"ಏನಕ್ಕ?" ಎಂದಳು ಪಟ್ಟಲಮ್ಮ. ಎಮ್ಮೆಗಲ್ಲ, ಗೋಡೆಗಲ್ಲ, ನೇರವಾಗಿ ಪಟಕ್ಕೆ. "ಏನ್ ಅಂಗ್ ನೋಡ್ತೀಯಾ? ಒಳಕಲ್ಲಿಗೆ ಕೇಳ್ಕೊಂಡು ಬಾ ಅಂದೆ, ಅಂದೆ. ಬಾಯ್ ತಪ್ಪಿ ಅಂದೆ. ಅವತ್ತೇ ಬಯ್ದು ಮುಗುಸ್ಬೇಕಾಗಿತ್ತು ನೀನು, ಎಮ್ಮೆಗ್ಯಾಕೆ ಬಯ್ದೆ?"

ಪಟದೊಳಗಿನ ಹೊಂಬಾಳಮ್ಮ ತುಟಿ ಒಳಗೆಳೆದುಕೊಂಡು, ಎಡಗಣ್ಣು ಕಿರಿದು ಮಾಡಿಕೊಂಡು ಓರಗಿತ್ತಿಯನ್ನು ನೋಡುತ್ತಲೇ ಇದ್ದಳು. ಪಟ್ಟಲಮ್ಮ ಕಾದಳು. ನಿಜಕ್ಕೂ ಕಾದಳು, ಉತ್ತರ ಬರುತ್ತದೆಂದು.

"ಬಯ್ಯಕ್ಕ" ಎಂದಳು. "ಒಂದ್ಸಲ ಬಯ್ದ್‌ಬುಡು."

ಬಾಳೆಯ ಚಿಪ್ಪು ಕೈಯಿಂದ ಜಾರಿತು. ಅವಳು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ನಾಗರತ್ನ ಹೋಗಿ ತಬ್ಬಿಕೊಂಡಳು. ಜಯಪ್ರಕಾಶ ಕತ್ತೆತ್ತಿ, ಅವ್ವನ ಆ ಮುಖವನ್ನು, ಹುಟ್ಟಿದಾಗಿನಿಂದ ಮೊದಲ ಸಲ, ಕಣ್ಣಿಗೆ ಕಣ್ಣಿಟ್ಟು ನೋಡಿದ. ಬಲಮೂಲೆಯ ನಗು ಅವನಿಗೂ ಕಂಡಿತು. ಬಣ್ಣದ ಪಟವನ್ನು ಮೇಜಿನಿಂದ ಎತ್ತಿ ಹೆಂಡತಿಯ ಕೈಗೆ ಕೊಟ್ಟ.

"ಇದನ್ನ ಅಟ್ಟುಕ್ಕೆ ಆಕು" ಎಂದ. "ಮೊಳೆ ಸುತ್ತಿಗೆ ಎಲ್ಲವ್ವೆ?"